ಪಟೇಲರ ಮನೆಯ ಆಡ್‌ವರ್ಬು

ಹಳ್ಳಿ ಮೇಷ್ಟ್ರು ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಹಾಜರಿ ಕೂಗುವ ಮುಂಚೆಯೇ ಅದು ಬಂದು ಕೂತಿರುತ್ತದೆ. ಪ್ಲೇಗಿನ ಭಯವಿದ್ದ ನಲವತ್ತರ ದಶಕದಲ್ಲಿ ನಾನು ಕುಂದಾಣದ ಕಡೆಯ ಒಂದು ಹಳ್ಳಿಯಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಇನ್‌ಸ್ಪೆಕ್ಟರು ಬಂದು ಪಾಠ ನೋಡಿ ತಲೆದೂಗಿದರೆ ಸರಿ, ಇಲ್ಲದಿದ್ದರೆ ಊರಿಗೆ ಹೋಗಿ ಮಾವನವರ ಎಮ್ಮೆ ಕಾಯಬೇಕು.

ಹಿಂದೆ ನಿಂತವನು

ವರ್ಬು ಯಾವುದು, ಆಡ್‌ವರ್ಬು ಯಾವುದು ಎಂದು ಎಷ್ಟು ಬಡಿದುಕೊಂಡರೂ ಹುಡುಗರ ತಲೆಗೆ ಹತ್ತಲಿಲ್ಲ. ಕೊನೆಗೆ ಒಂದು ಆಟ ಹೂಡಿದೆ. ಒಬ್ಬ ವರ್ಬು. ನಾನು ‘ವಾಕ್’ ಎಂದರೆ ಅವನು ನಡೆಯಬೇಕು. ಹಿಂದೆ ನಿಂತವನು ಆಡ್‌ವರ್ಬು. ಹೇಗೆ ನಡೆಯಬೇಕೆಂದು ‘ಸ್ಲೋಲಿ’, ‘ಕ್ವಿಕ್ಲಿ’ ಅಂತ ಅವನು ಕೂಗಬೇಕು.

ಮರುದಿನ ಪಟೇಲರು ಕೆಂಡವಾಗಿ ಬಂದರು. ಅವರ ಮಗ ಆಡ್‌ವರ್ಬು, ಮುಂದೆ ನಿಂತಿದ್ದವನು ಅವರ ಹೊಲ ಉಳುವವನ ಮಗ.

“ಏನ್ ಮೇಷ್ಟ್ರೇ, ನಮ್ ಮನೇವ್ರು ಯಾರ ಹಿಂದೇನೂ ನಿಂತೋರಲ್ಲ. ನನ್ ಮಗನ್ನ ಬಾಲ ಮಾಡ್ಬಿಟ್ರಲ್ಲ!”

ಮಾವನವರ ಎಮ್ಮೆ ಕಣ್ಣ ಮುಂದೆ ಬಂತು. “ಯಜಮಾನ್ರೇ, ಮುಂದಿರೋನು ಬರೀ ದುಡಿಯೋನು. ಹಿಂದೆ ನಿಂತು ‘ಹಿಂಗ್ ದುಡಿ’ ಅಂತ ಹೇಳೋನು ನಿಮ್ ಮಗ” ಎಂದೆ.

ಪಟೇಲರು ಮೀಸೆ ತಿರುವಿದರು. “ಅಂಗನ್ನಿ! ಅವನ್ನ ಅಲ್ಲೇ ಇರ್ಸಿ. ನಮ್ ವಂಶದಾಗೆ ಎಲ್ರೂ ಆಡ್‌ವರ್ಬೇ.”

ಅಜ್ಜಿಯ ದೂರು

ವಾರ ಕಳೆಯುವಷ್ಟರಲ್ಲಿ ಒಬ್ಬ ಅಜ್ಜಿ ಸೊಂಟ ಹಿಡಿದುಕೊಂಡು ಬಂದಳು. “ಏನಪ್ಪಾ ಮೇಷ್ಟ್ರೇ, ಕೊಟ್ಟಿಗೆ ಸಗಣಿ ಬಾಚ್ಲಾ ಅಂದ್ರೆ ನಮ್ ಹೈದ ‘ಹೆಂಗ್ ಬಾಚ್ಲಿ?’ ಅಂತಾನೆ. ಹೆಂಗೆ ಅಂತ ತೋರ್ಸೋಕೋಗಿ ಪೂರ್ತಿ ನಾನೇ ಬಾಚ್ದೆ. ಇನ್ನೊಂದ್ ಚೂರು ಇಂಗ್ಲಿಷ್ ಕಲ್ತ್ರೆ ನೇಗ್ಲೂ ನಾನೇ ಹಿಡೀಬೇಕಾಯ್ತದೆ!”

ಟೋಪಿಯವರು

ಕೊನೆಗೂ ಇನ್‌ಸ್ಪೆಕ್ಟರು ಬಂದರು. ತಲೆ ಮೇಲೆ ಹ್ಯಾಟು, ಕೈಯಲ್ಲಿ ಚರ್ಮದ ಚೀಲ. ಊರಿಗೆ ಊರೇ ಹೆದರುವ ಪ್ಲೇಗಿನ ಸೂಜಿ ಹಾಕುವವರೂ ಹೀಗೇ ಬರುತ್ತಾರೆಂಬುದು ನನಗೆ ಹೊಳೆಯಲೇ ಇಲ್ಲ.

ಅವತ್ತು ಇಡೀ ಕ್ಲಾಸು ವರ್ಬು, ಪಟೇಲರ ಮಗನೊಬ್ಬನೇ ಆಡ್‌ವರ್ಬು. ಇನ್‌ಸ್ಪೆಕ್ಟರು “ರನ್... ಇದು ಯಾವ ಪದ?” ಎಂದು ಕೇಳಿ ಮುಗಿಸುವ ಮೊದಲೇ ಅವನು “ಕ್ವಿಕ್ಲಿ!” ಎಂದು ಅಬ್ಬರಿಸಿದ. ಕ್ಲಾಸಿಗೆ ಕ್ಲಾಸೇ ಬಾಗಿಲು ದಾಟಿತು. ನಿಲ್ಲಿಸಲು ಇನ್‌ಸ್ಪೆಕ್ಟರು ಚೀಲದ ಸಮೇತ ಹೊರಗೆ ಧಾವಿಸಿದರು.

ಮಕ್ಕಳು ಓಡುತ್ತಿದ್ದಾರೆ, ಹಿಂದೆ ಹ್ಯಾಟು, ಚೀಲ! “ಸೂಜಿಯವ್ನು ಬಂದ್ನಲಾ!” ಎಂದು ಯಾರೋ ಕೂಗಿದರು. ರಾಗಿ ಬೀಸುತ್ತಿದ್ದವರು, ನೀರು ಸೇದುತ್ತಿದ್ದವರು, ಎಲ್ಲರೂ ಹೊಲದ ಕಡೆ ಓಟ. ಎಲ್ಲರಿಗಿಂತ ಮುಂದೆ ಪಂಚೆ ಎತ್ತಿ ಕಟ್ಟಿದ ಒಬ್ಬ ದಪ್ಪ ಆಸಾಮಿ. ನನ್ನ ಕೆಲಸವೂ ಅವನ ಜೊತೆಗೇ ಓಡಿಹೋಯಿತೆಂದುಕೊಂಡೆ.

ಶಾಲೆಯಲ್ಲಿ ಉಳಿದವನು ಪಟೇಲರ ಮಗನೊಬ್ಬನೇ. ಸೊಂಟದ ಮೇಲೆ ಕೈಯಿಟ್ಟು ಜಗಲಿ ಮೇಲೆ ನಿಂತಿದ್ದ.

“ನೀನ್ಯಾಕೋ ಓಡ್ಲಿಲ್ಲ?” ಎಂದರು ಏದುಸಿರು ಬಿಡುತ್ತ ವಾಪಸು ಬಂದ ಇನ್‌ಸ್ಪೆಕ್ಟರು.

“ನಾನು ಆಡ್‌ವರ್ಬು ಸಾರ್. ಹೇಳೋದಷ್ಟೇ ನಂದು. ಓಡೋರು ಅವ್ರು.”

“ಸರಿ, ಆ ಮುಂದೆ ಓಡ್ತಿರೋರು ಯಾರು?”

ಹುಡುಗ ಕಣ್ಣು ಕಿರಿದು ಮಾಡಿ ನೋಡಿದ. ಮುಖ ಸಣ್ಣಗಾಯಿತು. “ನಮ್ಮಪ್ಪ ಸಾರ್. ಇವತ್ತು ವರ್ಬಾಗ್ಬಿಟ್ರು.”

ಇನ್‌ಸ್ಪೆಕ್ಟರು ಜಗಲಿಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಮೇಷ್ಟ್ರೇ, ಇಷ್ಟು ಚೆನ್ನಾಗಿ ಯಾರೂ ಹೇಳ್ಕೊಟ್ಟಿಲ್ಲ. ನಿಮ್ ಕೆಲ್ಸ ಖಾಯಂ. ಈಗ ನಂಗೆ ಊಟ ಹಾಕೋರನ್ನ ಯಾರ್ನಾದ್ರೂ ಹಿಡ್ಕೊಂಡ್ ಬನ್ನಿ.”

ನಾನು ಹೊಲದ ಕಡೆ ಓಡಿದೆ. ಹಿಂದಿನಿಂದ ಪಟೇಲರ ಮಗ ಕೂಗಿದ: “ಕ್ವಿಕ್ಲಿ!”