ಮೈನಸ್ ಹದಿನಾರು ತಾಸು

ಹೊಸ ಯಂತ್ರ ತರಿಸಿರೆಂದು ಮಾಲೀಕರ ಬೆನ್ನು ಹತ್ತುವವನು, ಅದು ಕೈಕೊಟ್ಟಾಗ ಬರುವ ಬೈಗುಳಕ್ಕೂ ತಾನೇ ವಾರಸುದಾರ ಎಂಬುದನ್ನು ತಿಳಿದಿರಬೇಕು. ನನಗೆ ತಿಳಿದಿರಲಿಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ನಾನು ರಾಯಚೂರಿನ ಒಂದು ಹತ್ತಿ ಮಿಲ್ಲಿನಲ್ಲಿ ಹಾಜರಿ ಗುಮಾಸ್ತನಾಗಿದ್ದೆ. ಹೈದರಾಬಾದಿಗೆ ಹೋಗಿ ಕಂಪ್ಯೂಟರ್ ಕಲಿತು ಬಂದಿದ್ದೆ. ಬಂದ ಮೇಲೆ ಆ ವಿಷಯ ಎತ್ತದೆ ಯಾರ ಮನೆಯಲ್ಲೂ ಚಹಾ ಕುಡಿದವನಲ್ಲ. ಕೊನೆಗೆ ನನ್ನ ಕಾಟ ತಾಳದೆ ಮಾಲೀಕ ಬಸನಗೌಡರು ಒಂದು ಕಂಪ್ಯೂಟರ್ ತರಿಸಿದರು. ಪೂಜೆಯ ದಿನ ಕಾಯಿಯ ನೀರು ಅದರೊಳಗೆ ಸಿಡಿಯದಂತೆ ನಾನೇ ಅಡ್ಡ ನಿಂತು ಅಂಗಿ ತೋಯಿಸಿಕೊಂಡೆ.

ಕೆಲಸ ಸರಳ. ಆಳುಗಳು ಬಂದ ಗಂಟೆ, ಹೋದ ಗಂಟೆಯನ್ನು ಡೇಟಾಬೇಸಿಗೆ ತುಂಬಿ, ಹೋದದ್ದರಲ್ಲಿ ಬಂದದ್ದನ್ನು ಕಳೆ ಎಂದು ಒಂದು ಸಾಲಿನ ಆಜ್ಞೆ, ಅಂದರೆ ಕ್ವೆರಿ, ಕೊಟ್ಟರೆ ದುಡಿದ ತಾಸು ತಾನಾಗಿ ಬೀಳಬೇಕು. ಎಲ್ಲರನ್ನೂ ಸುತ್ತ ನಿಲ್ಲಿಸಿಕೊಂಡು ಗುಂಡಿ ಒತ್ತಿದೆ. ಹಗಲಿನವರದೆಲ್ಲ ಸರಿ ಬಂತು. ರಾತ್ರಿ ಕಾವಲಿನ ಖಾಜಾ ಸಾಬರ ಹೆಸರಿನ ಮುಂದೆ ಮಾತ್ರ ಮೈನಸ್ ಹದಿನಾರು.

"ಖಾಜಾ ಸಾಬ್, ನೀವು ದುಡಿಲಾರದ್ದಷ್ಟ ಅಲ್ಲ, ನಮಗ ಹದಿನಾರು ತಾಸು ಬಾಕಿ ಇದ್ದೀರಿ ನೋಡ್ರಿ," ಎಂದು ಗೌಡರು ನಕ್ಕರು. ಚಂದ್ರಬಂಡದಿಂದ ದಿನಾ ಸೈಕಲ್ ತುಳಿದು ಬರುವ ಖಾಜಾ ಸಾಬರು ನಗಲಿಲ್ಲ.

"ಗೌಡ್ರ, ನಿಮ್ಮಪ್ಪಾರ ಕಾಲದಿಂದ ರಾತ್ರಿ ಕಣ್ಣು ಮುಚ್ಚಿಲ್ಲ ನಾ. ಈ ಮಿಲ್ಲಿನ್ಯಾಗ ಇದಾದ್ರೂ ಇರಬೇಕು, ಇಲ್ಲಾ ನಾನಾದ್ರೂ ಇರಬೇಕು."

ಗೌಡರ ನಗೆ ಇಳಿಯಿತು. ನನ್ನ ಕಡೆ ತಿರುಗಿ, "ಸಂಜಿ ತನಕ ಟೈಮ್ ಅದ. ಆಗಲಿಲ್ಲಂದ್ರ ಇದನ್ನ ವಾಪಸ್ ಕಳಸ್ತೀನಿ. ಜೋಡಿಗೆ ನೀವೂ ಹೋಗ್ರಿ," ಎಂದರು.

ಮಧ್ಯಾಹ್ನದ ರೊಟ್ಟಿ ಪಕ್ಕಕ್ಕಿಟ್ಟೆ. ಪರದೆಯನ್ನು ನೋಡುತ್ತ ಕುಳಿತೆ. ಖಾಜಾ ಸಾಬರು ರಾತ್ರಿ ಹತ್ತಕ್ಕೆ, ಅಂದರೆ ಯಂತ್ರದ ಲೆಕ್ಕದಲ್ಲಿ ಇಪ್ಪತ್ತೆರಡಕ್ಕೆ ಬಂದು, ಬೆಳಿಗ್ಗೆ ಆರಕ್ಕೆ ಹೋಗಿದ್ದರು. ಒಮ್ಮೆಲೆ ಹೊಳೆಯಿತು. ನಡುವೆ ದಿನ ಬದಲಾದದ್ದು ಕಂಪ್ಯೂಟರ್ ಎಂಬ ಈ ಪುಣ್ಯಾತ್ಮನಿಗೆ ಗೊತ್ತೇ ಇಲ್ಲ. ರಾತ್ರಿ ಬರಬೇಕಾದ ಮನುಷ್ಯ ಬೆಳಿಗ್ಗೆಯೇ ಹೊರಟುಹೋದ ಎಂದು ತಿಳಿದಿದೆ. ಹೋದ ಗಂಟೆ ಬಂದ ಗಂಟೆಗಿಂತ ಚಿಕ್ಕದಿದ್ದರೆ ಇಪ್ಪತ್ನಾಲ್ಕು ಕೂಡಿಸು ಎಂದು ಕ್ವೆರಿಗೆ ಬಾಲ ಹಚ್ಚಿದೆ. ಗುಂಡಿ ಒತ್ತಿದೆ. ಎಂಟು.

ಖಾಜಾ ಸಾಬರನ್ನು ಕರೆಸಿ ತೋರಿಸಿದೆ. ಅವರು ಪರದೆಯ ಮೇಲೆ ಬೆರಳಿಟ್ಟು ನೋಡಿ, ನನ್ನ ಎರಡೂ ಕೈ ಹಿಡಿದುಕೊಂಡರು. ಗೌಡರು ಎಲ್ಲರಿಗೂ ಮಂಡಕ್ಕಿ-ಮಿರ್ಚಿ ತರಿಸಿದರು. ಆ ದಿನ ನಾನು ನಡೆದ ನಡಿಗೆಗೆ ಊರ ನಡುವಿನ ತೀನ್ ಕಂದೀಲ್ ಚೌಕದ ರಸ್ತೆಯೂ ಸಾಲದಾಗಿತ್ತು.

ಮರುವಾರದ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ನನ್ನ ಹೆಸರು: ದಿನಕ್ಕೆ ಇಪ್ಪತ್ತು ತಾಸು. ಹತ್ತಕ್ಕೆ ಬಂದು ಸಂಜೆ ಆರಕ್ಕೆ ಹೋದವನು, ಹದಿನೆಂಟು ಎಂದು ತುಂಬುವ ಬದಲು ಆರು ಎಂದೇ ತುಂಬಿದ್ದೆ. ನಾನೇ ಹಚ್ಚಿದ ಬಾಲ ಧಾರಾಳವಾಗಿ ಇಪ್ಪತ್ನಾಲ್ಕು ಕೂಡಿಸಿತ್ತು. ನಾನು ತಿದ್ದುವಷ್ಟರಲ್ಲಿ ಖಾಜಾ ಸಾಬರು ಅಭಿಮಾನದಿಂದ ನಮ್ಮ ಮನೆಗೇ ಹೋಗಿ, "ಯವ್ವಾ, ನಿಮ್ಮ ಯಜಮಾನ್ರು ದಿನಕ್ಕ ಇಪ್ಪತ್ತು ತಾಸು ದುಡಿತಾರ. ಕಂಪ್ಯೂಟರ್ ಹೇಳ್ಯಾದ," ಎಂದು ನನ್ನ ಹೆಂಡತಿಗೆ ಸುದ್ದಿ ಮುಟ್ಟಿಸಿಬಿಟ್ಟಿದ್ದರು.

ನಾನು ಬಾಗಿಲಿಗೆ ಬರುವ ಹೊತ್ತಿಗೆ ಅವಳು ಅವರಿಗೆ ಚಹಾ ಕೊಡುತ್ತ ಕೇಳುತ್ತಿದ್ದಳು: "ಹೌದೇನಣ್ಣಾ? ಹಂಗಂದ್ರ ದಿನಾ ರಾತ್ರಿ ನಮ್ಮನ್ಯಾಗ ಗೊರಕಿ ಹೊಡಿಯಾವ್ರು ಯಾರು?"