ಅಡುಗೆ ಕಟ್ಟೆಯ ಗೀರು, ಕೊಬ್ಬರಿ ವ್ಯಾಪಾರ

ಗೀರು ಬಿದ್ದ ಅಡುಗೆ ಕಟ್ಟೆ ಸರಿಮಾಡೋದು ನನ್ನ ಕಸುಬು. ಕಲ್ಲು ಬೇಡ ಅಂತ ಹಲಗೆ ಮೇಲೆ ಮೈಕಾ ಅಂಟಿಸಿದ ಕಟ್ಟೆ ಹಾಕಿಸ್ಕೊಂಡೋರು ಈಗ ನಮ್ಮ ಅರಸೀಕೆರೆ, ಬೇಲೂರು ಸುತ್ತ ಬೇಕಾದಷ್ಟು ಜನ ಇದ್ದಾರೆ. ನೋಡೋಕೆ ಚೆಂದ. ಆದರೆ ಚಾಕು ತಾಗಿದರೆ ಗೀರು, ಬಿಸಿ ಪಾತ್ರೆ ಇಟ್ಟರೆ ಕಲೆ. ನಾನು ಹೋಗಿ ಅದನ್ನ ಕೆರೆದು, ಅದೇ ಬಣ್ಣದ ಪುಟ್ಟಿ ತುಂಬಿ, ಉಜ್ಜಿ, ಹೆಬ್ಬೆರಳಲ್ಲಿ ಸವರಿ ನುಣುಪು ನೋಡೋ ಹೊತ್ತಿಗೆ ಆ ಮನೆಯ ಒಳಗುಟ್ಟೆಲ್ಲ ನನ್ನ ಕಿವಿಗೆ ಬಿದ್ದಿರುತ್ತೆ. ಬೇಡ ಅಂದ್ರೂ ಹೇಳ್ತಾರೆ ಕಣ್ರೀ, ಏನ್ ಮಾಡೋದು!

ಶಿಲ್ಪಿ ಯಾರು?

ಹಳೇಬೀಡಲ್ಲಿ ಒಬ್ಬರು ಗೈಡ್ ಇದ್ದಾರೆ. ದಿನಾ ದೇವಸ್ಥಾನ ತೋರಿಸಿ ತೋರಿಸಿ ಅವರಿಗೆ ಮನೇಲೂ ಅದೇ ಅಭ್ಯಾಸ. ನನ್ನನ್ನ ಕಟ್ಟೆಯ ಎಡಗಡೆಯಿಂದ ಪ್ರದಕ್ಷಿಣೆ ಹೊರಡಿಸಿದರು.

"ಇಲ್ಲಿ ಗಮನಿಸಿ. ಈ ಸಣ್ಣ ಗೀರುಗಳು ನಮ್ಮ ತಾಯಿಯವರ ಕಾಲದ್ದು. ಮುಂದೆ ಬನ್ನಿ, ಇದು ನಮ್ಮ ಮಗಳು ಪೆನ್ಸಿಲ್ ಕೆತ್ತಿದ ಕಾಲದ್ದು."

ಮಧ್ಯದಲ್ಲಿ ಮೊಳದುದ್ದ ಗೀರು ಇತ್ತು. "ಇದು ಸ್ವಾಮಿ?" ಅಂದೆ.

ಗಂಟಲು ಸರಿ ಮಾಡ್ಕೊಂಡು, "ಇದನ್ನ ಮಾಡಿದ ಶಿಲ್ಪಿ ಯಾರು ಅಂತ ತಿಳಿದುಬಂದಿಲ್ಲ" ಅಂದರು.

ಒಳಗಿಂದ ಹೆಂಡತಿ ಕೂಗಿದರು: "ತಿಳಿದುಬಂದಿಲ್ವಾ? ಮಣೆ ಇಟ್ಕೊಳ್ರೀ ಅಂದ್ರೂ ಕೇಳದೆ ಭಾನುವಾರ ಹಲಸಿನಹಣ್ಣು ಕೊಯ್ದ ಶಿಲ್ಪಿ ನಿಮ್ಮ ಮುಂದೇನೇ ಬನೀನ್ ಹಾಕ್ಕೊಂಡು ನಿಂತವ್ರೆ, ನೋಡ್ಕೊಳ್ಳಿ!"

ಕಾಣದ ಕೆಲಸ

ಬಾಣಾವರದ ಒಬ್ಬ ಅಜ್ಜಿ ಮನೇಲಿ ಗೀರು ಮುಚ್ಚಿದೆ. ನನ್ನ ಬೆನ್ನು ನಾನೇ ತಟ್ಕೋಬೇಕು, ಅಷ್ಟು ಚೆನ್ನಾಗಿ ಕೂತಿತ್ತು. ಅಜ್ಜಿ ಕನ್ನಡಕ ಹಾಕ್ಕೊಂಡು ಹುಡುಕಿತು, ತೆಗೆದು ಹುಡುಕಿತು.

"ಎಲ್ಲಪ್ಪಾ ನೀನು ಮಾಡಿರೋದು?"

"ಕಾಣಬಾರದು ಅಂತ್ಲೇ ಅಲ್ವೇನಜ್ಜಿ ಮಾಡೋದು?"

"ಅದು ಸರಿ ಕಣಪ್ಪಾ. ಪಕ್ಕದ ಮನೆಯೋಳು ಬಂದ್ರೆ ನಾನೇನು ತೋರಿಸ್ಲಿ? ಒಂದು ಗುರುತು ಹಾಕಿ ಹೋಗು."

ಅಜ್ಜಿ ಮಾತು ಮೀರೋಕಾಗುತ್ತಾ? ಗೀರು ಇದ್ದ ಜಾಗದ ಸುತ್ತ ಸ್ಕೆಚ್ ಪೆನ್ನಲ್ಲಿ ಒಂದು ಸುತ್ತು ಎಳೆದೆ. ಬೀದಿಯೋರೆಲ್ಲ ಬಂದು ನೋಡಿ ಭೇಷ್ ಅಂದು ಹೋದರಂತೆ. ಆಮೇಲೆ ಅಜ್ಜಿ ಫೋನು: "ಏನಪ್ಪಾ, ನೀನು ಎಳೆದ ಸುತ್ತು ಎಷ್ಟು ತಿಕ್ಕಿದ್ರೂ ಹೋಗ್ತಿಲ್ಲ. ಗೀರೇ ವಾಸಿಯಾಗಿತ್ತು, ಬಂದು ತೆಗಿ!"

ಕೊಬ್ಬರಿ ಕೇಳೋಕೆ ಬಂದೋನು

ಹಾರನಹಳ್ಳಿ ದಾರೀಲಿ ಒಂದು ತೋಟದ ಮನೆ. ಆ ಮನೆ ಯಜಮಾನಿಯದು ಒಂದೇ ಕಾನೂನು: ಕಟ್ಟೆ ಮೇಲೆ ಬಿಸಿ ಪಾತ್ರೆ ಇಡಕೂಡದು. ಹೊಸದಾಗಿ ಬಂದ ಸೊಸೆಗೆ ಮೊದಲ ದಿನವೇ ಪಾಠ ಆಗಿತ್ತು. ಸೊಸೆ ತವರಿಗೆ ಹೋಗಿದ್ದಾಗ ಯಜಮಾನಿಯೇ ಮರೆತು ಕಾದ ರೊಟ್ಟಿ ಹಂಚು ಇಟ್ಟುಬಿಟ್ಟಿದ್ದರು.

"ಯಾರ ಹತ್ರಾನೂ ಬಾಯಿ ಬಿಡಬ್ಯಾಡ ಕಣಪ್ಪಾ. ಗೊತ್ತಾದ್ರೆ ನಾಳೆಯಿಂದ ನನ್ನ ಮಾತು ಯಾರು ಕೇಳ್ತಾರೆ?" ಅಂದರು.

ಮಾತು ಕೊಟ್ಟೆ. ಕೆಲಸ ಮುಗೀತಿದ್ದಂಗೆ ಯಜಮಾನರು ಒಳಗೆ ಬಂದರು. "ಯಾರೇ ಇವ್ರು?"

"ಕೊಬ್ಬರಿ ಕೇಳೋಕೆ ಬಂದವ್ರೆ" ಅಂದುಬಿಟ್ಟರು ಆಯಮ್ಮ. ನಾನು "ರೇಟು ವಿಚಾರಿಸ್ಕೊಂಡು ಬತ್ತೀನಿ" ಅಂತ ಜಾಗ ಖಾಲಿ ಮಾಡಿದೆ.

ಕೆಲವು ತಿಂಗಳಾದ ಮೇಲೆ ಅದೇ ಮನೆ ಸೊಸೆಯ ಫೋನು, ತವರಲ್ಲಿ ಯಾರೋ ನನ್ನ ನಂಬರ್ ಕೊಟ್ಟಿದ್ದರಂತೆ. ಅಳೋ ದನಿ. "ಅಣ್ಣಾ, ಕಟ್ಟೆ ಮೇಲೆ ಕುಕ್ಕರ್ ಇಟ್ಬಿಟ್ಟೆ. ಅತ್ತೆ ಮಠಕ್ಕೆ ಹೋಗವ್ರೆ, ಅವರು ಬರೋದ್ರೊಳಗೆ ಬನ್ನಿ. ನೋಡಿದ್ರೆ ನನ್ನ ಕಥೆ ಮುಗೀತು." ಪಾಪ ಅನ್ನಿಸ್ತು, ಓಡಿದೆ. ಸುಟ್ಟ ಜಾಗ ಕೆರೆದರೆ ಕೆಳಗೆ ಸಿಕ್ಕಿದ್ದು ನನ್ನದೇ ಹಳೇ ಪುಟ್ಟಿ! ಅತ್ತೆ ಹಂಚು ಇಟ್ಟ ಜಾಗದಲ್ಲೇ ಸೊಸೆ ಕುಕ್ಕರ್ ಇಟ್ಟಿದ್ದಳು. ನಗು ಉಕ್ಕಿ ಬಂತು, ಕೆಮ್ಮಿ ನುಂಗಿಕೊಂಡೆ.

ಕೊನೇ ಸಲ ಒರೆಸ್ತಾ ಇದ್ದೆ, ಬಾಗಿಲಲ್ಲಿ ಆಟೋ ನಿಂತ ಸದ್ದು. ಅತ್ತೆ! ಸೊಸೆ ಬೆಳ್ಳಗಾಗಿ, "ಅತ್ತೆ, ಇವ್ರು... ಕೊಬ್ಬರಿ ಕೇಳೋಕೆ ಬಂದವ್ರೆ" ಅಂದಳು.

ಅತ್ತೆ ಮುಖ ಅದಕ್ಕಿಂತ ಬೆಳ್ಳಗಾಯ್ತು. ನಾನು ಸೊಸೆಗೆ ಎಲ್ಲಾ ಹೇಳಿಬಿಟ್ಟೆ ಅನ್ಕೊಂಡಿರಬೇಕು. "ಹೂಂ ಹೂಂ, ಕೊಬ್ಬರಿಯೋರೇ! ನೋಡಿದ್ರೆ ಗೊತ್ತಾಗಲ್ವಾ!" ಅಂದರು.

ಅಷ್ಟರಲ್ಲಿ ತೋಟದಿಂದ ಯಜಮಾನರು. "ಓಹೋ, ಹೋದ ಸಲ ರೇಟು ಹೇಳದೆ ತಪ್ಪಿಸ್ಕೊಂಡೋರು! ಇವತ್ತು ಬಿಡಲ್ಲ, ನಡೀರಿ ಅಟ್ಟಕ್ಕೆ." ಕೈ ಹಿಡಿದು ಎಳ್ಕೊಂಡೇ ಹೋದರು. ತಿರುಗಿ ನೋಡಿದರೆ ಅತ್ತೆ ಒಂದು ಬಾಗಿಲ ಹಿಂದೆ, ಸೊಸೆ ಇನ್ನೊಂದು ಬಾಗಿಲ ಹಿಂದೆ. ಒಬ್ಬರಿಗೆ ಕಾಣದಂಗೆ ಒಬ್ಬರು ನನಗೆ ಕೈ ಮುಗೀತಿದ್ದಾರೆ!

ಅಟ್ಟದಲ್ಲಿ ಕೊಬ್ಬರಿ ಕಾಯಿ ರಾಶಿ. ಒಂದನ್ನ ಕೈಗೆ ಕೊಟ್ಟು "ನೋಡಿ" ಅಂದರು. ನನಗೇನು ಗೊತ್ತು? ತಿರುಗಿಸಿ ನೋಡಿದೆ, ಹೆಬ್ಬೆರಳಲ್ಲಿ ಸವರಿದೆ, "ಮಾಲು ಚೆನ್ನಾಗೈತೆ" ಅಂದೆ.

ಯಜಮಾನರು ರಾಶಿ ಮೇಲೇ ಕೂತು, ಟವಲ್ಲು ಬಾಯಿಗೆ ಒತ್ಕೊಂಡು, ಕಣ್ಣಲ್ಲಿ ನೀರು ಬರೋ ತನಕ ನಕ್ಕರು. "ಅಲ್ಲಾ ಮಾರಾಯ್ರೇ, ಕೊಬ್ಬರಿ ವ್ಯಾಪಾರಿ ಆದೋನು ಒಳಗೆ ಒಣಗಿ ಗಡಗಡ ಅನ್ನುತ್ತಾ ಅಂತ ಕಿವಿ ಹತ್ರ ಇಟ್ಕೊಂಡು ಅಲ್ಲಾಡಿಸ್ತಾನೆ. ಕಾಯಿ ಸವರಿ ನುಣುಪು ನೋಡೋನನ್ನ ನಾನು ಇವತ್ತೇ ಕಂಡಿದ್ದು!"

ನಾನು ಕಾಯಿ ಮೆಲ್ಲಗೆ ಕೆಳಗಿಟ್ಟೆ. "ಯಜಮಾನ್ರೇ, ಅಮ್ಮಾವ್ರದ್ದೇನೂ ತಪ್ಪಿಲ್ಲ, ಆ ಮಗೂದೂ..."

"ಅವರದು ಇರ್ಲಿ ಬಿಡಿ, ನನಗೆ ಹೋದ ಸಲವೇ ಗೊತ್ತು" ಅಂದರು. ಆಮೇಲೆ ಏಣಿ ಕಡೆ ಒಂದು ಸಲ ಬಗ್ಗಿ ನೋಡಿ, ದನಿ ಇಳಿಸಿದರು. "ಕಟ್ಟೆ ಮೂಲೇಲಿ ರಾಗಿಹಿಟ್ಟಿನ ಡಬ್ಬ ಐತಲ್ಲ, ಅದರ ಕೆಳಗೆ ಒಂದು ಗಾಯ ಐತೆ. ಮಚ್ಚಿಂದು. ಎಳನೀರು ಕೊಚ್ಚೋಕೆ ಹೋಗಿ ನಾನೇ ಮಾಡಿದ್ದು. ಇಬ್ಬರೂ ಮದುವೆ ಮನೆಗೆ ಹೋಗೋ ದಿನ ಫೋನ್ ಮಾಡ್ತೀನಿ, ಬಂದುಬಿಡಿ. ಅಕಸ್ಮಾತ್ ಅವರು ಬೇಗ ವಾಪಸ್ ಬಂದ್ರೆ ಹೆದರಬ್ಯಾಡಿ. ಕೊಬ್ಬರಿ ಕೇಳೋಕೆ ಬಂದೆ ಅನ್ನಿ. ಪಾಪ, ಅವರಿಬ್ಬರೂ ನಂಬ್ತಾರೆ!"