ಸೊಸೆಯ ಬಲಗೈ

ನಂಬುವುದು ನನ್ನ ಮೈಗೆ ಒಗ್ಗುವುದಿಲ್ಲ. ಕೆಲವರಿಗೆ ಬದನೆಕಾಯಿ ತಿಂದರೆ ಮೈ ತುರಿಸುತ್ತದೆ, ನನಗೆ ಯಾರನ್ನಾದರೂ ನಂಬಿದರೆ ತುರಿಸುತ್ತದೆ. ಹಾಲಿನವನು ನಗುತ್ತ ಬಂದರೆ ಇವತ್ತು ನೀರು ಹಾಕಿದ್ದಾನೆ ಎಂದುಕೊಳ್ಳುತ್ತೇನೆ. ನಗದೆ ಬಂದರೆ ಜಾಸ್ತಿಯೇ ಹಾಕಿದ್ದಾನೆ ಎಂದುಕೊಳ್ಳುತ್ತೇನೆ. ಶಿರಸಿಯ ಡಾಕ್ಟರೊಬ್ಬರು "ಅಜ್ಜಿ, ನಿಮಗೆ ಎಂತದೂ ಇಲ್ಲ" ಎಂದರು. ಇವರಿಗೆ ಎಂತದೂ ತಿಳಿಯಲಿಲ್ಲ ಎಂದು ಅರ್ಥ ಮಾಡಿಕೊಂಡು ಇನ್ನೊಬ್ಬರ ಹತ್ತಿರ ಹೋದೆ. ಅವರೂ ಅದನ್ನೇ ಹೇಳಿದರು. ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದಾರೆ. ನಾನು ಕಲಿತದ್ದು ಮೂರನೇ ಇಯತ್ತೆ. ಅಷ್ಟೇ ಕಲಿತರೆ ಒಂದು ಲಾಭವಿದೆ, ಓದಿದ್ದನ್ನೆಲ್ಲ ನಂಬುವ ಚಟ ಹತ್ತುವುದಿಲ್ಲ. "ನಿನ್ನನ್ನು ಪೊಲೀಸ್ ಠಾಣೆಗೆ ಕೊಡಬೇಕಿತ್ತು, ತಪ್ಪಿ ನನಗೆ ಕೊಟ್ಟುಬಿಟ್ಟರು" ಎಂದು ನಮ್ಮನೆಯವರು ಹೇಳುತ್ತಿದ್ದರು. ಅವರು ತೀರಿಕೊಂಡಾಗಲೂ ನಾನು ಮೂಗಿನ ಹತ್ತಿರ ಬೆರಳು ಹಿಡಿದು ನೋಡಿಯೇ ಅತ್ತದ್ದು.

ಇಂಥವಳ ಮನೆಗೆ ಎರಡು ಕೈ ಎರಡು ಅಳತೆಯ ಸೊಸೆ ಬಂದರೆ ಹೇಗಾಗಬೇಡ? ದಾಸನಕೊಪ್ಪದಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ ಇದೆ, ಅದನ್ನು ನಡೆಸುವವನು ನನ್ನ ಮಗ ಮಂಜ. ಅವನಿಗೆ ಯಲ್ಲಾಪುರದಿಂದ ಹೆಣ್ಣು ತಂದೆವು, ಹೆಸರು ರೇಣುಕಾ. ಮದುವೆಯ ಹಿಂದಿನ ದಿನ ಬಳೆ ತೊಡಿಸುವವಳು ಎಡಗೈಗೆ ಹಸಿರು ಬಳೆಗಳನ್ನು ಸರಸರ ಏರಿಸಿದಳು. ಬಲಗೈಗೆ ಬಂದಳು, ಬಳೆ ಹೆಬ್ಬೆರಳ ಬುಡದಲ್ಲೇ ನಿಂತಿತು. ಸಾಬೂನು ಹಚ್ಚಿದಳು, ಒತ್ತಿದಳು, ಎರಡು ಒಡೆದವು. ಕೊನೆಗೆ ಗಂಟು ಬಿಚ್ಚಿ, ದಪ್ಪ ಹೆಂಗಸರಿಗೆಂದು ಇಟ್ಟ ಅಳತೆಯವನ್ನು ತೆಗೆದು ಬಲಗೈಗೆ ಹಾಕಿದಳು. ಆನೆಕಾಲು ಎಂಬುದನ್ನು ಕೇಳಿದ್ದೆ, ಆನೆಕೈ ಕೇಳಿರಲಿಲ್ಲ. ಹುಡುಗಿಯ ತಾಯಿಯನ್ನು ಕೇಳಿದರೆ "ಸಣ್ಣವಳಿದ್ದಾಗಿಂದ ಬಾವಿ ನೀರು ಸೇದಿದ ಕೈ ಅತ್ತಿಗೆ" ಎಂದರು. ನಾನೂ ನೀರು ಸೇದಿದವಳೇ. ಬಾವಿ ಹಗ್ಗವನ್ನು ಎರಡೂ ಕೈಯಲ್ಲಿ ಎಳೆಯುತ್ತಾರೆ, ಒಂದೇ ಕೈಯಲ್ಲಿ ಎಳೆದರೆ ಕೊಡ ಅಲ್ಲೇ ಇರುತ್ತದೆ. ಆದರೆ ಚಪ್ಪರ ಹಾಕಿಯಾಗಿತ್ತು, ಅಡುಗೆಯವರು ಒಲೆ ಹೂಡಿಯಾಗಿತ್ತು. ಬಾಯಿ ಮುಚ್ಚಿಕೊಂಡೆ, ಕಣ್ಣು ಮುಚ್ಚಲಿಲ್ಲ.

ಮದುವೆಯಾಗಿ ಸ್ವಲ್ಪ ಸಮಯಕ್ಕೆ ಮಂಜ ಶಿರಸಿಯಲ್ಲಿ ಮಾಡಿಸಿದ್ದು ಎಂದು ಒಂದು ಕಬ್ಬಿಣದ ಮೇಜು ತಂದ. ಸೊಂಟದೆತ್ತರ, ಮೇಲೆ ಎರಡು ಸಣ್ಣ ಮೆತ್ತೆ, ಎರಡು ಬದಿಗೆ ಎರಡು ಗೂಟ. "ಇಸ್ತ್ರಿ ಮೇಜು ಅವ್ವಾ" ಎಂದ. ಹುಟ್ಟಿದಾಗಿಂದ ಇಸ್ತ್ರಿ ಕಾಣದ ಅಂಗಿ ಹಾಕಿದವನು! ಗೂಟ ಯಾಕೋ ಎಂದರೆ ಅಂಗಿ ನೇತುಹಾಕಲಿಕ್ಕೆ ಎಂದ. ಆ ಮೇಜಿಗಾಗಿ ಜಗುಲಿಯ ಮೇಲಿದ್ದ ನನ್ನ ಮಂಚವನ್ನು ಗಿರಣಿಯ ಗೋಡೆಯ ಪಕ್ಕಕ್ಕೆ ಸರಿಸಿದರು. ಅಲ್ಲಿ ಮಲಗಿದರೆ ಎದ್ದಾಗ ತಲೆಯೆಲ್ಲ ಅಕ್ಕಿಹಿಟ್ಟು. ಇದ್ದ ಬಿಳಿ ಕೂದಲು ಸಾಲದೆಂದು ಇದು ಬೇರೆ. ಆ ಮೇಜು ಹಾಳಾಗಿ ಹೋಗಲಿ ಎಂದು ಹಿಟ್ಟಿಗೆ ಬಂದವರ ಹತ್ತಿರವೆಲ್ಲ ಹೇಳಿದ್ದೇನೆ. ಇದು ಮುಂದೆ ನನಗೇ ಮುಳುವಾಯಿತು.

ಒಂದು ಮಧ್ಯಾಹ್ನ ಊಟ ಮಾಡಿ ಅಡ್ಡಾಗಿದ್ದೆ. ಜಗುಲಿಯಿಂದ ಏದುಸಿರು ಕೇಳಿಸಿತು. ಎದ್ದು ಹೋಗಿ ನೋಡಿದರೆ ಆ ಮೇಜಿನ ಆಚೆ ರೇಣುಕಾ, ಈಚೆ ಒಬ್ಬ ಮೀಸೆಯ ಲಾರಿ ಡ್ರೈವರು. ಇಬ್ಬರೂ ಕೈಗೆ ಕೈ ಹಿಡಿದುಕೊಂಡು, ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕಣ್ಣು ಮಿಟುಕಿಸದೆ ನಿಂತಿದ್ದಾರೆ. ಪಕ್ಕದಲ್ಲಿ ನನ್ನ ಮಗ! "ಬಿಡಬೇಡ್ವೇ, ಬಿಡಬೇಡ! ಹತ್ರ ಎಳ್ಕೋ!" ಎಂದು ಹೆಂಡತಿಗೆ ಹುರುಪು ಕೊಡುತ್ತಿದ್ದಾನೆ. ಎಂಥೆಂಥದ್ದನ್ನೋ ಸಂಶಯಪಟ್ಟವಳು ನಾನು, ಇಷ್ಟು ದೂರ ನನ್ನ ತಲೆಯೂ ಹೋಗಿರಲಿಲ್ಲ. ಅಂಗಳ ಗುಡಿಸುವ ಹಿಡಿಕಟ್ಟು ಹುಡುಕಿ ತಂದೆ. ಯಾರಿಗೆ ಮೊದಲು ಬಾರಿಸಬೇಕು ಎಂದು ಒಂದು ಗಳಿಗೆ ಯೋಚನೆಗಿಟ್ಟುಕೊಂಡಿತು. ಮಗನಿಗೇ ಬಾರಿಸಿದೆ, ಅವನಾದರೆ ತಿರುಗಿ ಹೊಡೆಯುವುದಿಲ್ಲ. ಅದೇ ಹೊತ್ತಿಗೆ ಡ್ರೈವರನ ಕೈ ಮೆತ್ತೆಯ ಮೇಲೆ ದಪ್ಪೆಂದು ಬಿತ್ತು. "ಅಜ್ಜಿ ಬಂದ್ರು ಅಂತ ಗಮನ ಹೋಯ್ತು, ಇಲ್ದಿದ್ರೆ ನಾನು ಸೋಲ್ತಿರ್ಲಿಲ್ಲ" ಎನ್ನುತ್ತ ಅವನು ಮಣಿಕಟ್ಟು ತಿಕ್ಕಿಕೊಂಡು ಲಾರಿ ಹತ್ತಿದ.

ಆಮೇಲೆ ವಿಷಯ ಹೊರಬಿತ್ತು. ಯಲ್ಲಾಪುರದಲ್ಲಿ ಹೆದ್ದಾರಿಯ ಬದಿಗೆ ಅವಳಪ್ಪನದು ಪಂಕ್ಚರ್ ಅಂಗಡಿ. ಲಾರಿ ಟಯರಿನ ಸಂದಿಗೆ ಕಬ್ಬಿಣದ ಸರಳು ಹಾಕಿ ಮೀಟಿ ಮೀಟಿ ಇವಳ ಬಲಗೈ ಹಾಗಾದದ್ದು, ಬಾವಿಯೂ ಇಲ್ಲ, ಹಗ್ಗವೂ ಇಲ್ಲ. ಟಯರು ತಯಾರಾಗುವವರೆಗೆ ಹೊತ್ತು ಹೋಗದ ಡ್ರೈವರುಗಳು ಡಬ್ಬಿಯ ಮೇಲೆ ಮೊಣಕೈ ಊರಿ, ಒಬ್ಬರ ಕೈ ಒಬ್ಬರು ಮಲಗಿಸುವ ಪಂಜ ಆಡುತ್ತಿದ್ದರು. ಒಂದು ದಿನ ಒಬ್ಬ ತಮಾಷೆಗೆ "ಬಾ ತಂಗಿ" ಎಂದು ಕೈ ಚಾಚಿದನಂತೆ. ತಂಗಿ ಅವನ ಕೈ ಮಲಗಿಸಿದಳು. ಹೆಣ್ಣಿನ ಹತ್ತಿರ ಸೋತವನು ಸುಮ್ಮನಿರುತ್ತಾನೆಯೇ? ಉಳಿದವರೂ ಸೋಲಲಿ ಎಂದು ಎಲ್ಲರನ್ನೂ ಕಳಿಸಿದ. ಹಾಗೆ ಹೆಸರಾಗಿ, ಸಿದ್ದಾಪುರದಲ್ಲಿ ಯಾರೋ ಪಂದ್ಯ ಇಟ್ಟಾಗ ಹೋಗಿ ಗೆದ್ದು, ಮುಂದೆ ಊರೂರು ತಿರುಗಿ, ಹೆಂಗಸರ ಪೈಕಿ ಇವಳ ಕೈ ಮಲಗಿಸುವವರು ಅಪರೂಪ ಎಂದಾಗಿತ್ತು. ಗೆದ್ದ ಕಪ್ಪುಗಳನ್ನು ತವರಿನಲ್ಲಿ ಅಟ್ಟಕ್ಕೆ ಹಾಕಿ, ಮೇಲೆ ಗೋಣಿಚೀಲ ಮುಚ್ಚಿಟ್ಟು ಮದುವೆ ಮಾಡಿದ್ದರು.

"ಮೊದಲೇ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ.

"ಹೇಳಿದ್ರೆ ನೀವು ಒಪ್ತಿದ್ರಾ ಅತ್ತೆ?"

"ಇಲ್ಲ."

"ಅದಕ್ಕೇ ಹೇಳಲಿಲ್ಲ."

ಈ ಉತ್ತರದಲ್ಲಿ ಸಂಶಯಪಡಲು ಒಂದು ಎಳೆಯೂ ಸಿಗಲಿಲ್ಲ. ಸಿಟ್ಟು ಬಂದು ಅವಳ ಹತ್ತಿರ ಸ್ವಲ್ಪ ದಿನ ಮಾತು ಬಿಟ್ಟೆ.

ಮಾತು ಬಿಟ್ಟರೂ ನೋಡುವುದು ಬಿಡಲಿಲ್ಲ. ಹಿಟ್ಟಿನ ಚೀಲವನ್ನು ಬೆರಳ ತುದಿಯಲ್ಲೇ ಹಿಡಿದು ಎತ್ತುತ್ತಾಳೆ. ಬಾಗಿಲಿಗೆ ಟವೆಲ್ ಕಟ್ಟಿ ಎಳೆಯುತ್ತಾಳೆ, ಬಾಗಿಲಿಗೇನು ಸೇಡು ಎಂದು ನನಗೆ ಗೊತ್ತಾಗುವುದಿಲ್ಲ. ಪಂದ್ಯ ಹತ್ತಿರ ಬಂದರೆ ತೂಕ ಇಳಿಸಬೇಕೆಂದು ಅನ್ನ ಬಿಡುತ್ತಾಳೆ. ಇಷ್ಟೆಲ್ಲ ಮಾಡಿಯೂ ಅವಳಿಗೆ ಒಂದು ಕೊರತೆ. ಶಿರಸಿಯ ದೊಡ್ಡ ಪಂದ್ಯದಲ್ಲಿ ಗೆದ್ದವರನ್ನು ಮಾತ್ರ ರಾಜ್ಯಮಟ್ಟಕ್ಕೆ ಕಳಿಸುತ್ತಾರೆ. ಹಿಂದೆ ಎರಡು ಸಲ ಕೊನೆಯ ಆಟದವರೆಗೆ ಹೋಗಿ ಅಲ್ಲೇ ಸೋತಿದ್ದಳು, ಎರಡು ಸಲವೂ ಮುಂಡಗೋಡ ಕಡೆಯ ನೀಲವ್ವ ಎಂಬವಳ ಕೈಯಲ್ಲಿ. ಈ ವರ್ಷ ರೊಟ್ಟಿ ಹಿಟ್ಟು ನಾದುತ್ತ ಹೇಳಿದಳು: "ಈ ಸಲವೂ ಆಗಲಿಲ್ಲಂದ್ರೆ ಮೇಜು ಗುಜರಿಗೆ ಹಾಕ್ತೇನೆ ಅತ್ತೆ. ಇನ್ನು ಯಾರಿಗೂ ಕೈ ಕೊಡೂದಿಲ್ಲ." ಕಣ್ಣಲ್ಲಿ ನೀರೇನೂ ಇರಲಿಲ್ಲ. ಆದರೆ ಆ ದಿನ ರೊಟ್ಟಿ ಎಷ್ಟು ಮೆತ್ತಗಾಗಿತ್ತೆಂದರೆ, ಹಿಟ್ಟಿಗೆ ಬಿದ್ದ ಗುದ್ದು ಎಷ್ಟಿರಬಹುದು ಎಂದು ನನಗೆ ತಿಳಿಯಿತು.

ಪಂದ್ಯದ ದಿನ ನಾನೂ ಹೊರಟೆ. ಶಿರಸಿಯಲ್ಲಿ ಒಂದು ಸಭಾಭವನ, ಮದುವೆಯ ಮನೆಯಷ್ಟು ಜನ, ಊಟ ಮಾತ್ರ ಇಲ್ಲ. ನೀಲವ್ವನನ್ನು ನೋಡಿದೆ. ಇವಳಿಗಿಂತ ಸಪೂರ, ಉದ್ದ ಬೆರಳು. ನೋಡಿದ ಕೂಡಲೇ ಇದರಲ್ಲಿ ಏನೋ ಇದೆ ಎನ್ನಿಸಿತು. ಜೊತೆಗೆ ಅವಳ ಅಕ್ಕ, ಆ ಅಕ್ಕನ ಸೊಂಟದಲ್ಲಿ ಒಂದು ಕೆಂಪು ಬಟ್ಟೆಯ ಚೀಲ. ಪ್ರತಿ ಆಟಕ್ಕೂ ಮುಂಚೆ ಅದರಿಂದ ಬಿಳಿ ಪುಡಿ ತೆಗೆದು ತಂಗಿಯ ಅಂಗೈಗೆ ತಿಕ್ಕುವುದು, ಬಾಯಲ್ಲಿ ಏನೋ ಗುನುಗುವುದು. "ಅದು ಸೀಮೆಸುಣ್ಣದ ಥರದ ಪುಡಿ ಅವ್ವಾ, ಕೈ ಬೆವರಬಾರ್ದು ಅಂತ. ನಮ್ ರೇಣುಕಾನೂ ಹಚ್ಕೊಳ್ತಾಳೆ" ಎಂದ ಮಂಜ. ಇವಳದು ಪ್ಲಾಸ್ಟಿಕ್ ಡಬ್ಬಿಯಲ್ಲಿದೆ, ಯಾರೂ ಗುನುಗುವುದಿಲ್ಲ. ಬರೀ ಸುಣ್ಣಕ್ಕೆ ಕೆಂಪು ಬಟ್ಟೆ ಯಾಕೆ? ಎರಡು ಸಲ ಇವಳ ಕೈಯ ಶಕ್ತಿ ಕೊನೆಯ ಆಟದಲ್ಲೇ ಯಾಕೆ ಇಂಗಿಹೋಯಿತು? ನನಗೆ ಲೆಕ್ಕ ಸರಿಹೋಯಿತು. ಮಂತ್ರಿಸಿದ ಪುಡಿ. ಕೈಗೆ ಕೈ ತಾಗಿದಾಗ ಇವಳಿಗೆ ಮೆತ್ತುತ್ತದೆ.

ಮೆತ್ತದಂತೆ ಮಾಡುವುದು ನಮಗೆ ಗೊತ್ತಿಲ್ಲದ್ದೇ? ಹಲಸಿನಹಣ್ಣು ಕೊಯ್ಯುವ ಮೊದಲು ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳದ ಹೆಂಗಸು ಈ ಸೀಮೆಯಲ್ಲಿ ಯಾರಿದ್ದಾರೆ? ಎಣ್ಣೆ ಇದ್ದರೆ ಎಂಥ ಮೇಣವೂ ಅಂಟುವುದಿಲ್ಲ, ಇನ್ನು ಪುಡಿ ಯಾವ ಲೆಕ್ಕ. ಮೊಣಕಾಲಿಗೆಂದು ನನ್ನ ಚೀಲದಲ್ಲಿ ಒಂದು ಸಣ್ಣ ಬಾಟಲಿ ಯಾವಾಗಲೂ ಇರುತ್ತದೆ. ರೇಣುಕಾ ಆಟ ಆಡಿ ಸುಸ್ತಾಗಿ, ಅನ್ನ ಬಿಟ್ಟ ಹೊಟ್ಟೆಯಲ್ಲಿ, ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ್ದಳು. "ಕೈ ಕೊಡು, ಚೂರು ನೀವಿ ಕೊಡ್ತೇನೆ" ಎಂದೆ. ಕೊಟ್ಟಳು. ನಾನು ಕೈ ಕೇಳಿದ್ದೂ ಅವಳು ಕೊಟ್ಟದ್ದೂ ಅದೇ ಮೊದಲು. ಮಣಿಕಟ್ಟು, ಅಂಗೈ, ಬೆರಳ ಸಂದಿ, ಎಲ್ಲ ಕಡೆಗೂ ಚೆನ್ನಾಗಿ ತಿಕ್ಕಿದೆ. ಅಷ್ಟರಲ್ಲಿ ಮೈಕಿನಲ್ಲಿ ಕೊನೆಯ ಆಟಕ್ಕೆ ಹೆಸರು ಕರೆದರು. ದಡಬಡಿಸಿ ಎದ್ದಳು, "ಅತ್ತೆ, ಎಂತ ಹಚ್ಚಿದ್ರಿ ಇದು?" ಎಂದಳು, ಪ್ಯಾಂಟಿಗೆ ಒರಸಿಕೊಂಡಳು, ಮೇಲೆ ತನ್ನ ಪುಡಿ ಸುರಿದುಕೊಂಡು ಓಡಿದಳು.

ಕೈ ಹಿಡಿದರು. ಶುರು ಎಂದರು. ರೇಣುಕಾಳ ಕೈ ನೀಲವ್ವನ ಕೈಯಿಂದ ಮೀನಿನ ಹಾಗೆ ಹೊರಗೆ ಜಾರಿತು. ನೀಲವ್ವ ತನ್ನ ಬೆರಳುಗಳನ್ನು ನೋಡಿಕೊಂಡಳು, ಮೂಸಿದಳು, ರೆಫರಿಯ ಮೂಗಿಗೆ ಹಿಡಿದಳು. "ನೋಡ್ರೀ ಸರ, ಎಣ್ಣಿ! ಎಣ್ಣಿ ಹಚ್ಕೊಂಡು ಬಂದಾಳ್ರೀ!" ಇಡೀ ಸಭೆ ಎದ್ದು ನಿಂತಿತು. ರೆಫರಿ ರೇಣುಕಾಳ ಕೈ ತಿರುಗಿಸಿ ನೋಡಿ ಮುಖ ಗಂಟುಹಾಕಿದರು. "ಇದು ಮೋಸ ಅಲ್ವೇನಮ್ಮಾ? ನಿಮ್ಮನ್ನ ಆಟದಿಂದ ತೆಗೀಬೇಕಾಗ್ತದೆ." ರೇಣುಕಾ ಆ ಕೈಯನ್ನು ಇನ್ನೊಮ್ಮೆ ಪ್ಯಾಂಟಿಗೆ ಒರಸಿಕೊಂಡಳು. ನನ್ನ ಕಡೆಗೆ ಬೆರಳು ತೋರಿಸಲಿಲ್ಲ. ಮುಖ ಮಾತ್ರ ಗಿರಣಿಯ ಹಿಟ್ಟಿನ ಬಣ್ಣಕ್ಕೆ ತಿರುಗಿತ್ತು.

ನಾನು ಮುಂದೆ ಹೋದೆ. "ಹಚ್ಚಿದ್ದು ನಾನು. ಅವಳಿಗೆ ಗೊತ್ತಿಲ್ಲ."

"ನೀವ್ಯಾರು?"

"ಅವಳ ಅತ್ತೆ."

ಸಭೆಯವರೆಲ್ಲರೂ ಒಟ್ಟಿಗೆ "ಓಹೋ" ಎಂದರು. ಹಾಗೆಂದರೇನು ಎಂದು ನನಗೆ ಮೊದಲು ತಿಳಿಯಲಿಲ್ಲ. ನೀಲವ್ವನ ಅಕ್ಕ ಗಲ್ಲಕ್ಕೆ ಕೈ ಹಚ್ಚಿ "ಅಯ್ಯ ನಮ್ಮವ್ವ! ಸೊಸಿ ಗೆದ್ದು ಗಿದ್ದಾಳಂತ ಎಣ್ಣಿ ಹಚ್ಯಾಳ ನೋಡ್ರೀ ಮುದುಕಿ! ನಮ್ಮತ್ತೀನ ಎಷ್ಟೋ ಬೇಷಿ" ಎಂದಳು. "ಅಲ್ಲ, ನಿಮ್ಮ ಪುಡಿ ಮೆತ್ತಬಾರದೆಂದು..." ಎಂದು ನಾನು ಬಾಯಿ ತೆರೆದೆ. ದಾಸನಕೊಪ್ಪದಿಂದ ಬಂದಿದ್ದ ಒಬ್ಬ ಹಿಂದಿನ ಸಾಲಿನಿಂದ ಕೂಗಿದ: "ಹೌದು ಸಾರ್, ಈ ಅಜ್ಜಿಗೆ ಆ ಮೇಜು ಕಂಡ್ರೆ ಆಗೂದಿಲ್ಲ, ಹಾಳಾಗಿ ಹೋಗ್ಲಿ ಅಂತ ನನ್ ಹತ್ರಾನೇ ಹೇಳಿದ್ರು!" ರೆಫರಿಯ ಮುಖ ಸಡಿಲವಾಯಿತು. ಅವರ ಮನೆಯಲ್ಲೂ ಅತ್ತೆ-ಸೊಸೆ ಇದ್ದಿರಬೇಕು. "ಹೋಗಮ್ಮಾ, ಸಾಬೂನು ಹಾಕಿ ಕೈ ತೊಳ್ಕೊಂಡು ಬಾ. ಇದರಲ್ಲಿ ನಿನ್ನ ತಪ್ಪಿಲ್ಲ" ಎಂದರು. ನೀಲವ್ವನೂ "ಪಾಪ, ತೊಳ್ಕೊಂಡು ಬರ್ರಿ ಅಕ್ಕಾರ, ನಾ ನಿಂತಿರ್ತೀನಿ" ಎಂದಳು. ನಾನು ಕೆಟ್ಟವಳು ಎಂದು ಸಾಬೀತಾದದ್ದಕ್ಕೇ ಸೊಸೆ ಆಟದಲ್ಲಿ ಉಳಿದಳು. ಅಲ್ಲಿ ನಾನು ಹಲಸಿನ ವಿಷಯ ಬಿಡಿಸಿ ಹೇಳಿದ್ದರೆ ಅತ್ತೆ-ಸೊಸೆ ಇಬ್ಬರೂ ಸೇರಿ ಮಾಡಿದ್ದು ಎಂದಾಗುತ್ತಿತ್ತು. ನುಂಗಿಕೊಂಡು ಕೂತೆ.

ಕೈ ತೊಳೆದು ಬಂದರೂ ಕೊಬ್ಬರಿ ಎಣ್ಣೆ ಅಷ್ಟು ಬೇಗ ಬಿಡುತ್ತದೆಯೇ? ಇನ್ನೊಂದು ಸಲ ಜಾರಿತು. ಆಗ ನಿಯಮದ ಪ್ರಕಾರ ಇಬ್ಬರ ಕೈಯನ್ನೂ ಸೇರಿಸಿ ಪಟ್ಟಿ ಬಿಗಿದರು. ನೀಲವ್ವ ಗೆಲ್ಲುತ್ತಿದ್ದದ್ದು ಎದುರಿನವರ ಬೆರಳುಗಳನ್ನು ತನ್ನ ಉದ್ದ ಬೆರಳಿನಿಂದ ಮೆಲ್ಲಗೆ ಬಿಡಿಸಿ. ಪಟ್ಟಿ ಬಿದ್ದ ಮೇಲೆ ಬಿಡಿಸುವುದು ಎಲ್ಲಿಂದ? ರೇಣುಕಾ ಮಣಿಕಟ್ಟು ಒಳಕ್ಕೆ ಬಗ್ಗಿಸಿ, ಭುಜ ಹತ್ತಿರ ತಂದು, ಟಯರು ಮೀಟುವ ಹಾಗೆ ಒಂದೇ ಎಳೆತ ಎಳೆದಳು. ದಪ್ಪ್. ಮಂಜ ಕುಣಿದ. ರೇಣುಕಾ ಆ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ನೆಲಕ್ಕೆ ಕೂತುಬಿಟ್ಟಳು. ಜನರೆಲ್ಲ ಅವಳನ್ನು ಮುತ್ತಿಕೊಂಡರು. "ಅಂಥ ಅತ್ತೆಯನ್ನು ಕಟ್ಟಿಕೊಂಡೂ ಗೆದ್ದಳಲ್ಲ" ಎಂದು ಯಾರೋ ಹೊಗಳಿದ್ದು ನನಗೂ ಕೇಳಿಸಿತು. ಎಣ್ಣೆ ಇರದಿದ್ದರೆ ಪಟ್ಟಿ ಇಲ್ಲ, ಪಟ್ಟಿ ಇರದಿದ್ದರೆ ಗೆಲುವಿಲ್ಲ. ಇದನ್ನು ಕೇಳುವವರು ಮಾತ್ರ ಒಬ್ಬರೂ ಸಿಗಲಿಲ್ಲ.

ಈಗ ರಾಜ್ಯಮಟ್ಟಕ್ಕೆ ಹೊರಡುವ ತಯಾರಿ ನಡೆದಿದೆ. "ಅವ್ವನೂ ಬರಲಿ" ಎಂದ ಮಂಜ. "ಬರಲಿ, ನಂಗೇನೂ ಸಂಶಯ ಇಲ್ಲ" ಎಂದಳು ರೇಣುಕಾ. ಎಂದವಳು ಮಾರನೇ ದಿನವೇ ನಾನು ತುಂಬಿಟ್ಟ ಚೀಲ ಬಿಚ್ಚಿ ಬಾಟಲಿ ಹೊರಗೆ ತೆಗೆದಳು.

"ಅದು ನನ್ನ ಮೊಣಕಾಲಿಗೆ ಮಾರಾಯ್ತಿ."

"ಹಾಗಾದ್ರೆ ಮೊಣಕಾಲನ್ನೂ ಮನೆಯಲ್ಲೇ ಇಟ್ಟು ಬನ್ನಿ ಅತ್ತೆ."

ಊಟಕ್ಕೆ ಬಡಿಸುವಾಗಲೂ ಆ ಬಲಗೈಯನ್ನು ನನ್ನಿಂದ ಒಂದು ಗೇಣು ದೂರವೇ ಇಡುತ್ತಾಳೆ. ನಾನು ಹಲಸಿನ ಮೇಣದ ಕತೆಯನ್ನು ಅವಳಿಗೆ ಪೂರ್ತಿ ಹೇಳಿದೆ. ತಲೆಯಾಡಿಸಿ ಕೇಳಿದಳು, "ಹೌದಾ ಅತ್ತೆ" ಎಂದಳು. ಆ "ಹೌದಾ" ನನಗೆ ಗೊತ್ತಿರುವ ಹೌದಾ, ಹಾಲಿನವನಿಗೆ ನಾನು ಹೇಳುವುದೂ ಅದೇ.

ಇಷ್ಟೇ ಆಗಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಸೊಸೆ ಸೋಲಲಿ ಎಂದೇ ನಾನು ಎಣ್ಣೆ ಹಚ್ಚಿದ್ದು ಎಂದು ಊರೆಲ್ಲ ಹೇಳುತ್ತಿದೆ, ಊರೇ ಒಂದು ಮಾತು ಹೇಳುವಾಗ ಅದನ್ನು ಒಮ್ಮೆ ವಿಚಾರಿಸಿ ನೋಡುವುದು ನನ್ನ ಪದ್ಧತಿ. ಹಾಗೆಂದು ನಿನ್ನೆ ಅಕ್ಕಿ ಆರಿಸುತ್ತ ಕೂತಿದ್ದಾಗ ನನ್ನನ್ನೇ ನಾನು ನೆಟ್ಟಗೆ ಕೇಳಿದೆ: ಅಲ್ಲವೇ ಮುದುಕಿ, ಹಲಸು ಕೊಯ್ಯುವಾಗ ಅಂಗೈಗೆ ಸವರಿ ಬಿಡುವವಳು ನೀನು, ಸೊಸೆಯ ಬೆರಳ ಸಂದಿಸಂದಿಗೂ ಯಾಕೆ ತಿಕ್ಕಿದೆ? ಅವಳ ಒಳ್ಳೆಯದಕ್ಕೇ ಎಂದು ಉತ್ತರ ತಟ್ಟನೆ ಬಂತು. ಇಷ್ಟು ತಟ್ಟನೆ ಉತ್ತರ ಕೊಡುವವರನ್ನು ನಾನು ಯಾವತ್ತೂ ನಂಬಿದವಳಲ್ಲ.